ಸುರಪುರದ ಟೇಲರ್

ಕೃಷ್ಣೆ ಮತ್ತು ಭೀಮೆಯರ ನಡುವೆ ಹಬ್ಬಿರುವ ನಾಡು ಪ್ರಾಚೀನವಾದುದು. ಶಹಾಪುರ, ಸುರಪುರ, ಕೊಂಕಲ್ ಮೊದಲಾದ ಊರುಗಳು ಈ ಸೀಮೆಗೆ ಸೇರಿದವು. ಎರಡು ಮಹಾನದಿಗಳು ಅಂಚಿನಲ್ಲಿ ಹರಿಯುತ್ತಿದ್ದರೂ ಹಿಂದಿನ ಕಾಲದಲ್ಲಿ ಅವುಗಳ ನೀರು ಇಲ್ಲಿನ ಹೊಲಗಳಿಗೆ ಏರುತ್ತಿರಲಿಲ್ಲ. ರೈತನು ಆಕಾಶವನ್ನೇ ನಂಬಿ ಬಾಳಬೇಕಾಗಿತ್ತು. ಅವನಿಗೆ ಇದ್ದ ಇನ್ನೊಂದು ಆಸರೆಯೆಂದರೆ ಪೂರ್ವಿಕರು ಕಟ್ಟಿಸಿದ ಕೆರೆ. ಇಂತಹ ನಾಡಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಪರದೇಶದಿಂದ ಬಂದ ಒಬ್ಬ ಅಧಿಕಾರಿಯು ಹಳೆಯ ಕೆರೆಯೊಂದಕ್ಕೆ ಮರುಜೀವ ಕೊಟ್ಟು, ಜನರ ಬಾಯಲ್ಲಿ ‘ಮಹಾದೇವ ಬಾಬಾ’ ಎನಿಸಿಕೊಂಡನು. ಅವನೇ ಫಿಲಿಪ್ ಮೆಡೋಸ್ ಟೇಲರ್.

ಟೇಲರನು 1808ನೆಯ ಇಸವಿ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ವ್ಯಾಪಾರದಲ್ಲಿ ಮನೆತನಕ್ಕೆ ಒದಗಿದ ಕಷ್ಟದಿಂದ ಅವನ ವಿದ್ಯಾಭ್ಯಾಸ ಬೇಗನೆ ಮೊಟಕಾಯಿತು. ಹದಿನೈದು ವರ್ಷದ ಬಾಲಕನನ್ನು ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಗುಮಾಸ್ತನಾಗಿರಲು ಹಡಗು ಹತ್ತಿಸಿದರು. 1824ರಲ್ಲಿ ಮುಂಬಯಿಗೆ ಬಂದಿಳಿದಾಗ ಆ ವ್ಯಾಪಾರಿಯ ಸ್ಥಿತಿಯೇ ಶೋಚನೀಯವಾಗಿತ್ತು. ದೈವವಶಾತ್ ಅದೇ ವರ್ಷ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅವನಿಗೆ ಒಂದು ಹುದ್ದೆ ದೊರೆಯಿತು. ಈಗಿನ ಪ್ರೌಢಶಾಲೆಯ ವಿದ್ಯಾರ್ಥಿಯ ವಯಸ್ಸಿನಲ್ಲಿ ಅವನು ಸೈನ್ಯದ ಅಧಿಕಾರಿಯಾದನು.

ಶಾಲೆಯಲ್ಲಿ ಕಲಿಯಲಾಗದ್ದನ್ನು ಟೇಲರನು ಸ್ವಪ್ರಯತ್ನದಿಂದ ಕಲಿತನು. ಮೊದಲು ದೇಶಭಾಷೆಗಳನ್ನು ಕಲಿತು, ಜನರೊಡನೆ ದುಭಾಷಿಯ ನೆರವಿಲ್ಲದೆ ಮಾತನಾಡುವಂತಾದನು. ಬಳಿಕ ಭೂಮಾಪನ, ಕಟ್ಟಡ ನಿರ್ಮಾಣ, ಕಾನೂನು, ಭೂವಿಜ್ಞಾನ, ಚಿತ್ರಕಲೆ ಇವೆಲ್ಲವೂ ಒಂದೊಂದಾಗಿ ಅವನಿಗೆ ಕರಗತವಾದವು. ಒಬ್ಬನೇ ವ್ಯಕ್ತಿ ಬೆಳಿಗ್ಗೆ ನ್ಯಾಯಾಧೀಶನಾಗಿ, ಮಧ್ಯಾಹ್ನ ಎಂಜಿನಿಯರನಾಗಿ, ರಾತ್ರಿ ಗ್ರಂಥಕರ್ತನಾಗಿ ದುಡಿಯುವುದು ಅವನ ಜೀವನಕ್ರಮವಾಯಿತೆಂದರೆ ಅತಿಶಯೋಕ್ತಿಯಲ್ಲ. ದಾರಿಗಳ್ಳರಾದ ಠಕ್ಕರನ್ನು ಕುರಿತು ಅವನು ಬರೆದ ಕಾದಂಬರಿಯು 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲೆಲ್ಲ ಮನೆಮಾತಾಯಿತು. ಮರುವರ್ಷವೇ ಟಿಪ್ಪು ಸುಲ್ತಾನನನ್ನು ಕುರಿತ ಕಾದಂಬರಿಯೂ ಹೊರಬಂದಿತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಅವನು 1840ರಿಂದ 1853ರವರೆಗೆ ಬಾತ್ಮೀದಾರನಾಗಿದ್ದನು.

ಇಷ್ಟಾದರೂ ಅವನ ಬಾಳಿನ ಮುಖ್ಯ ಭಾಗವು ಗ್ರಂಥಗಳಲ್ಲಿಲ್ಲ, ಸುರಪುರದಲ್ಲಿದೆ.

ಸುರಪುರವು ಬೇಡ ನಾಯಕರ ಸಂಸ್ಥಾನ. 1705ರಲ್ಲಿ ಔರಂಗಜೇಬನು ತನ್ನ ಮುಪ್ಪಿನಲ್ಲಿ ಸ್ವತಃ ದಂಡೆತ್ತಿ ಬಂದು ವಾಗಣಗೇರಿಯ ಕೋಟೆಯನ್ನು ಮುತ್ತಿದಾಗ ಈ ನಾಯಕರು ತೋರಿದ ಪರಾಕ್ರಮ ಇತಿಹಾಸಪ್ರಸಿದ್ಧವಾದುದು. ಆದರೆ 1840ರ ಸುಮಾರಿಗೆ ಸಂಸ್ಥಾನದ ವೈಭವ ಕುಂದಿತ್ತು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಿದ್ದನು. ಅವನ ಮಗ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ರಾಣಿ ಈಶ್ವರಮ್ಮನ ಅರಮನೆಯಲ್ಲಿ ಪಕ್ಷಪ್ರತಿಪಕ್ಷಗಳು ತಲೆಯೆತ್ತಿದ್ದವು. ನಿಜಾಮನಿಗೆ ಸಲ್ಲಬೇಕಾದ ಹಣ ಬಾಕಿಯಾಗಿತ್ತು, ಸಾಲವು ಬೆಳೆದಿತ್ತು. ಈ ಗೊಂದಲವನ್ನು ಸರಿಪಡಿಸಲೆಂದು ಟೇಲರನನ್ನು ಕಳುಹಿಸಲಾಯಿತು. ಮುಂದೆ 1853ರವರೆಗೆ ಸಂಸ್ಥಾನದ ಆಡಳಿತವು ಅವನ ಕೈಯಲ್ಲಿಯೇ ಇದ್ದಿತು. ಅವನ ನೆರವಿಗೆ ಮತ್ತೊಬ್ಬ ಐರೋಪ್ಯ ಅಧಿಕಾರಿ ಇರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. 1844ರಲ್ಲಿ ಅವನು ಸುರಪುರದ ಬೆಟ್ಟದ ಮೇಲೆ ಕಟ್ಟಿಸಿದ ಮನೆಯು ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ.

ಸುರಪುರದ ಸಮೀಪದಲ್ಲಿ ಬೋನಾಳ ಎಂಬ ಗ್ರಾಮವಿದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಪಾಮನಾಯಕನ ಕಾಲಕ್ಕೆ ಅಲ್ಲಿ ಒಂದು ದೊಡ್ಡ ಕೆರೆ ನಿರ್ಮಾಣವಾಗಿತ್ತು. ಟೇಲರನು ಬಂದಾಗ ಅದಕ್ಕೆ ಒಂದೂವರೆ ಶತಮಾನದಷ್ಟು ವಯಸ್ಸಾಗಿತ್ತು. ಮನುಷ್ಯನಂತೆ ಕೆರೆಗೂ ಮುಪ್ಪು ಬರುತ್ತದೆ. ಅದು ಹೇಗೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು.

ಕೆರೆಗೆ ಮೂರು ಮುಖ್ಯ ಅಂಗಗಳಿವೆ. ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಏರಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಮತ್ತು ಗದ್ದೆಗಳಿಗೆ ನೀರು ಬಿಡುವ ತೂಬು. ಇವುಗಳಲ್ಲಿ ತೂಬು ಕಣ್ಣಿಗೆ ಕಾಣುವುದು ಕಡಿಮೆ. ಏರಿಯ ಒಡಲನ್ನು ಸೀಳಿಕೊಂಡು ಒಳಗಿನಿಂದ ಹೊರಗೆ ಹಾಯುವ ಕಲ್ಲಿನ ಸುರಂಗವೇ ಅದು. ವರ್ಷಗಳು ಕಳೆದಂತೆ ಸುರಂಗದ ಕಲ್ಲುಗಳ ಸಂದಿಯ ಗಾರೆ ಉದುರುತ್ತದೆ. ಕಲ್ಲಿಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರು ಅಲ್ಲಿ ದಾರಿ ಮಾಡಿಕೊಳ್ಳುತ್ತದೆ. ಮೊದಲು ತಿಳಿನೀರು ಒಸರುತ್ತದೆ. ಒಸರುವ ನೀರು ಕೆಂಪಾಗಿಯೋ ಕಪ್ಪಾಗಿಯೋ ಬರತೊಡಗಿದರೆ ಏರಿಯ ಮಣ್ಣು ಒಳಗೊಳಗೇ ಕರಗಿ ಹೋಗುತ್ತಿದೆಯೆಂದು ತಿಳಿಯಬೇಕು. ಹೊರಗಿನಿಂದ ನೋಡುವವರಿಗೆ ಏರಿಯು ಭದ್ರವಾಗಿಯೇ ಕಾಣುತ್ತಿರುತ್ತದೆ. ಒಂದು ಮಳೆಗಾಲದ ರಾತ್ರಿ ಅದು ಕುಸಿದರೆ ಕೆಳಗಿನ ಊರುಗಳ ಗತಿಯೇನು? ಇದರ ಜೊತೆಗೆ ಗಿಡಮರಗಳ ಬೇರುಗಳು, ಇಲಿ ಏಡಿಗಳ ಬಿಲಗಳು, ವರ್ಷವರ್ಷವೂ ತುಂಬುವ ಹೂಳು. ಹೂಳು ತುಂಬಿದಷ್ಟೂ ನೀರು ಬೇಗನೆ ಕೋಡಿಗೆ ಏರುತ್ತದೆ. ಕೋಡಿ ಚಿಕ್ಕದಾಗಿದ್ದರೆ ನೀರು ಏರಿಯನ್ನೇ ದಾಟುತ್ತದೆ.

ಆದುದರಿಂದ ಹೊಸ ಕೆರೆಯನ್ನು ಕಟ್ಟುವುದಕ್ಕಿಂತ ಹಳೆಯದನ್ನು ದುರಸ್ತಿ ಮಾಡುವುದು ಕಷ್ಟ. ನೀರು ಇಳಿಯುವ ಬೇಸಿಗೆಯ ಕೆಲವು ತಿಂಗಳುಗಳಲ್ಲಿಯೇ ಕೆಲಸ ಮುಗಿಯಬೇಕು. ತೂಬಿನ ಸುತ್ತಲಿನ ಸಡಿಲ ಮಣ್ಣನ್ನು ಅಗೆದು ತೆಗೆದು, ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ, ಹದವಾಗಿ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಅರ್ಧ ಕೆಲಸವಾಗಿರುವಾಗ ಮಳೆ ಬಂದರೆ ಮೊದಲಿಗಿಂತ ಹೆಚ್ಚಿನ ಅಪಾಯ. ಅಲ್ಲದೆ ಹೊಸದನ್ನು ಕಟ್ಟಿಸಿದವನ ಹೆಸರು ಶಾಸನವಾಗುತ್ತದೆ. ರಿಪೇರಿ ಮಾಡಿಸಿದವನನ್ನು ನೆನೆಯುವವರು ವಿರಳ. ಬೊಕ್ಕಸ ಬರಿದಾಗಿದ್ದ ಸಂಸ್ಥಾನದಲ್ಲಿ ಇಂತಹ ಕಾರ್ಯಕ್ಕೆ ಹಣ ತೊಡಗಿಸಲು ಧೈರ್ಯ ಬೇಕಾಗಿತ್ತು. ಟೇಲರನು ಬೋನಾಳದ ಕೆರೆಯನ್ನು ಪುನಃ ರೂಪಿಸಿ ಬಲಪಡಿಸಿದನು.

ಆ ಕೆರೆ ಇಂದಿಗೂ ಇದೆ. ಚಳಿಗಾಲದಲ್ಲಿ ಮಧ್ಯ ಏಷ್ಯದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು, ಬಗೆಬಗೆಯ ಬಕ ಕೊಕ್ಕರೆಗಳು ಅಲ್ಲಿ ನೆಲಸುತ್ತವೆ. ಈಗ ಅದು ಬೋನಾಳ ಪಕ್ಷಿಧಾಮವೆಂದು ಪ್ರಸಿದ್ಧವಾಗಿದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆಗಳ ಮೂಲಕ ಈ ಸೀಮೆಯ ಹೊಲಗಳಿಗೆ ನೀರು ಹರಿಸಿದ್ದು ಎಷ್ಟೋ ಕಾಲದ ನಂತರದ ಮಾತು.

ಸಂಸ್ಥಾನದಲ್ಲಿ ಸಂಚರಿಸುತ್ತಿರುವಾಗ ಟೇಲರನ ದೃಷ್ಟಿ ಕೆರೆ ರಸ್ತೆಗಳ ಮೇಲಷ್ಟೇ ಇರಲಿಲ್ಲ. ರಾಜನಕೋಳೂರು, ಜೇವರ್ಗಿ ಮೊದಲಾದ ಕಡೆ ದೊಡ್ಡ ಬಂಡೆಗಳನ್ನು ನಿಲ್ಲಿಸಿ ಮಾಡಿದ ಪ್ರಾಚೀನ ಸಮಾಧಿಗಳನ್ನು ಅವನು ಗುರುತಿಸಿದನು. ಅವು ಯೂರೋಪಿನ ಬೃಹತ್ ಶಿಲಾಸಮಾಧಿಗಳನ್ನು ಹೋಲುತ್ತವೆಂದು ವಿದ್ವಾಂಸರಿಗೆ ತೋರಿಸಿಕೊಟ್ಟನು. ದಕ್ಷಿಣ ಭಾರತದ ಪ್ರಾಗೈತಿಹಾಸಿಕ ಸಂಶೋಧನೆಯಲ್ಲಿ ಅವನದು ಮೊದಲ ಹೆಜ್ಜೆಗಳಲ್ಲೊಂದು.

1853ರಲ್ಲಿ ಪ್ರಾಪ್ತವಯಸ್ಕನಾದ ವೆಂಕಟಪ್ಪ ನಾಯಕನಿಗೆ ರಾಜ್ಯವನ್ನು ಒಪ್ಪಿಸಿ ಟೇಲರನು ಬೇರೆಡೆಗೆ ತೆರಳಿದನು. ಬಾಲ್ಯದಿಂದಲೂ ರಾಜನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಐದು ವರ್ಷ ಕಳೆಯುವುದರೊಳಗೆ ವಿಧಿಯು ಇವರಿಬ್ಬರನ್ನೂ ಎದುರುಬದುರಾಗಿ ನಿಲ್ಲಿಸಿತು. 1857ರಲ್ಲಿ ದೇಶದಲ್ಲೆಲ್ಲ ಕ್ರಾಂತಿಯ ಕಿಡಿ ಹಾರಿದಾಗ ತರುಣ ರಾಜನು ಆಂಗ್ಲರ ವಿರುದ್ಧ ತಿರುಗಿ ನಿಂತನು. 1858ರ ಫೆಬ್ರವರಿಯಲ್ಲಿ ಆಂಗ್ಲರ ಸೈನ್ಯವು ಸುರಪುರದ ಮೇಲೆ ಬಂದಿತು. ರಾಜನು ಹೈದರಾಬಾದಿನಲ್ಲಿ ಸೆರೆಯಾದನು. ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ತಾನು ಎತ್ತಿ ಆಡಿಸಿದ ಬಾಲಕನು ಈಗ ತನ್ನ ಸರ್ಕಾರದ ಕೈದಿ! ಮೊದಲು ವಿಧಿಸಿದ ಮರಣದಂಡನೆಯು ಕೊನೆಗೆ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಆದರೆ ಚೆಂಗಲ್ಪಟ್ಟಿನ ಕೋಟೆಗೆ ಕರೆದೊಯ್ಯುವಾಗ ದಾರಿಯಲ್ಲಿಯೇ ರಾಜನು ಗುಂಡೇಟಿನಿಂದ ಮೃತನಾದನು. ಅವನೇ ಗುಂಡು ಹಾರಿಸಿಕೊಂಡನೆಂದು ಟೇಲರನ ಬರಹ ತಿಳಿಸುತ್ತದೆ. ಇದನ್ನು ಒಪ್ಪದವರು ಅನೇಕರಿದ್ದಾರೆ. ಟೇಲರನು ಸಜ್ಜನನಾಗಿದ್ದರೂ ಪರರಾಜ್ಯದ ಸೇವಕನಾಗಿದ್ದನೆಂಬುದನ್ನು ನಾವು ಮರೆಯಲಾಗದು. ಸುರಪುರದ ಜನರು ಮಾತ್ರ ಸ್ವಾತಂತ್ರ್ಯಕ್ಕಾಗಿ ಮಡಿದ ತಮ್ಮ ರಾಜನನ್ನೂ ಕೆರೆಯನ್ನು ಉಳಿಸಿದ ಟೇಲರನನ್ನೂ ಒಟ್ಟಿಗೆ ನೆನೆಯುತ್ತಾರೆ.

ಅದೇ ವರ್ಷ ಟೇಲರನು ಮತ್ತೊಮ್ಮೆ ಸುರಪುರದ ಆಡಳಿತಕ್ಕೆ ನೇಮಕಗೊಂಡು ಬಂದನು. ಯಾರಿಗಾಗಿ ಹಿಂದೆ ದುಡಿದಿದ್ದನೋ ಆ ದೊರೆಯೇ ಈಗ ಇರಲಿಲ್ಲ. 1860ರಲ್ಲಿ ಆಂಗ್ಲರು ಸಂಸ್ಥಾನವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಆರೋಗ್ಯ ಕೆಟ್ಟಿದ್ದ ಟೇಲರನು ಅದೇ ವರ್ಷ ಸ್ವದೇಶಕ್ಕೆ ಮರಳಿದನು. ಅಲ್ಲಿದ್ದಾಗಲೂ ಅವನ ಲೇಖನಿ ಭಾರತವನ್ನೇ ಕುರಿತು ಬರೆಯಿತು. ‘ತಾರಾ’, ‘ಸೀತಾ’ ಮೊದಲಾದ ಕಾದಂಬರಿಗಳೂ ಭಾರತದ ಇತಿಹಾಸವೂ ಹೊರಬಂದವು. ಚಾಂದಬೀಬಿಯನ್ನು ಕುರಿತ ಕಾದಂಬರಿಯು ಅವನ ಮರಣಾನಂತರ ಅಚ್ಚಾಯಿತು.

ಮುಪ್ಪಿನಲ್ಲಿ ಅವನ ಕಣ್ಣುಗಳು ಮಂಜಾದವು. ಆದರೂ 1875ರಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗನ ಆಹ್ವಾನವನ್ನು ಮನ್ನಿಸಿ ಮತ್ತೆ ಭಾರತಕ್ಕೆ ಬಂದನು. ಹಿಂತಿರುಗುವ ದಾರಿಯಲ್ಲಿ, 1876ನೆಯ ಮೇ 13ರಂದು, ಫ್ರಾನ್ಸಿನ ಮೆಂಟನ್ ಎಂಬ ಊರಿನಲ್ಲಿ ನಿಧನನಾದನು. ಅವನು ಬರೆದಿಟ್ಟಿದ್ದ ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಪ್ರಕಟಿಸಿದಳು. ಅದರ ಪುಟಗಳಲ್ಲಿ ಸುರಪುರದ ಬೆಟ್ಟಗಳು, ಬೋನಾಳದ ಕೆರೆ ಮತ್ತು ಅವನನ್ನು ಅಪ್ಪಾ ಎಂದು ಕರೆದ ಬಾಲಕ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ.