ಉಪನಗರದ ದಿನಪತ್ರಿಕೆ ಮತ್ತು ಅಲಿಸಿಯಾ ಪ್ಯಾಟರ್ಸನ್

ಪತ್ರಿಕೆಗಳನ್ನು ಮಹಾನಗರದವು, ಜಿಲ್ಲೆಯವು ಎಂದು ವಿಂಗಡಿಸಿ ನೋಡುವುದು ನಮ್ಮಲ್ಲಿ ರೂಢಿ. ಈ ಎರಡರಲ್ಲಿಯೂ ಸರಿಯಾಗಿ ಸೇರದ ಇನ್ನೊಂದು ಬಗೆ ಉಪನಗರದ ದಿನಪತ್ರಿಕೆ. ಜಿಲ್ಲಾ ಪತ್ರಿಕೆಗೆ ರಾಜಧಾನಿಯಿಂದ ಇರುವ ದೂರವೇ ಒಂದು ರಕ್ಷಣೆ. ಉಪನಗರದ ಪತ್ರಿಕೆಗೆ ಆ ರಕ್ಷಣೆಯಿಲ್ಲ. ಅದರ ಓದುಗ ಬೆಳಗ್ಗೆ ರೈಲು ಹತ್ತಿ ಮಹಾನಗರಕ್ಕೆ ಹೋಗುವವನು. ಅಲ್ಲಿಯ ದೊಡ್ಡ ಪತ್ರಿಕೆ ದಾರಿಯಲ್ಲಿಯೇ ಅವನ ಕೈಸೇರಿರುತ್ತದೆ. ಅಂಥವನು ಮನೆಗೆ ಮರಳಿದ ಮೇಲೆ ಮತ್ತೊಂದು ಪತ್ರಿಕೆಯನ್ನು ಏಕೆ ಓದಬೇಕು? ಅಮೆರಿಕದಲ್ಲಿ, ನ್ಯೂಯಾರ್ಕ್ ನಗರದ ಪೂರ್ವಕ್ಕೆ ಚಾಚಿಕೊಂಡಿರುವ ಲಾಂಗ್ ಐಲೆಂಡಿನಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಬೆಳೆದು ನಿಂತ ಪತ್ರಿಕೆ 'ನ್ಯೂಸ್‌ಡೇ'. ಅದನ್ನು ಕಟ್ಟಿದವರು ಅಲಿಸಿಯಾ ಪ್ಯಾಟರ್ಸನ್.

ಅವರು ಹುಟ್ಟಿದ್ದು 1906ರ ಅಕ್ಟೋಬರ್ 15ರಂದು, ಶಿಕಾಗೋದಲ್ಲಿ. ಪತ್ರಿಕೆ ಆ ಮನೆತನದ ಕುಲವೃತ್ತಿಯೇ ಆಗಿತ್ತೆನ್ನಬಹುದು. ಮುತ್ತಾತ ಜೋಸೆಫ್ ಮೆಡಿಲ್ 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಯನ್ನು ಬೆಳೆಸಿದವರು, ಆ ನಗರದ ಮೇಯರ್ ಆಗಿದ್ದವರು. ತಂದೆ ಜೋಸೆಫ್ ಮೆಡಿಲ್ ಪ್ಯಾಟರ್ಸನ್ 1919ರಲ್ಲಿ ನ್ಯೂಯಾರ್ಕಿನ 'ಡೈಲಿ ನ್ಯೂಸ್' ಆರಂಭಿಸಿ, ಸಣ್ಣ ಆಕಾರದ, ಚಿತ್ರಪ್ರಧಾನ ಪತ್ರಿಕೆಗೆ ಅಪಾರ ಓದುಗರಿದ್ದಾರೆಂದು ತೋರಿಸಿಕೊಟ್ಟವರು. ಸೋದರತ್ತೆ ಎಲಿನಾರ್ ವಾಷಿಂಗ್ಟನ್ನಿನಲ್ಲಿ ಪತ್ರಿಕೆ ನಡೆಸುತ್ತಿದ್ದರು. ಗಂಡುಮಗುವಿಗಾಗಿ ಹಂಬಲಿಸಿದ್ದ ತಂದೆ ಮಗಳಿಗೆ ಕುದುರೆ ಸವಾರಿ, ಬೇಟೆಗಳನ್ನು ಕಲಿಸಿದರು. ಪತ್ರಿಕೆಯೊಳಗೆ ಮಾತ್ರ ಅವಳಿಗೆ ಸುಲಭವಾಗಿ ಜಾಗ ಕೊಡಲಿಲ್ಲ. 'ಡೈಲಿ ನ್ಯೂಸ್'ನಲ್ಲಿ ವರದಿಗಾರ್ತಿಯಾಗಿ ಸೇರಿದ ಅಲಿಸಿಯಾ ಒಂದು ವಿವಾಹ ವಿಚ್ಛೇದನದ ವರದಿಯಲ್ಲಿ ಹೆಸರುಗಳನ್ನು ತಪ್ಪಾಗಿ ಬರೆದರು. ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಬಿದ್ದಿತು. ತಂದೆಯೇ ಮಗಳನ್ನು ಕೆಲಸದಿಂದ ತೆಗೆದುಹಾಕಿದರು. ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ಎರಡು ಮದುವೆಗಳು ನಡೆದು ಮುರಿದವು. ವಿಮಾನ ಹಾರಾಟ ಕಲಿತು ಮಹಿಳೆಯರ ವೇಗದ ದಾಖಲೆಗಳನ್ನು ಸ್ಥಾಪಿಸಿದ್ದು, ತಂದೆಯ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆದದ್ದು ಈ ಅವಧಿಯಲ್ಲಿಯೇ.

1939ರಲ್ಲಿ ಅವರು ಮೂರನೆಯ ಮದುವೆಯಾದರು. ಪತಿ ಹ್ಯಾರಿ ಗುಗೆನ್‌ಹೈಮ್ ಗಣಿ ಉದ್ಯಮದ ಶ್ರೀಮಂತ ಮನೆತನದವರು. ಕ್ಯೂಬಾದಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ವಯಸ್ಸಿನಲ್ಲಿ ಹದಿನಾರು ವರ್ಷ ಹಿರಿಯರು. ಹೆಂಡತಿಗೊಂದು ಉದ್ಯೋಗವಿರಲೆಂದು ಪತ್ರಿಕೆ ಆರಂಭಿಸಲು ಬಂಡವಾಳ ಹೂಡಿದವರು ಅವರೇ. ನಸಾವ್ ಕೌಂಟಿಯ ಹೆಂಪ್‌ಸ್ಟೆಡ್ ಊರಿನಲ್ಲಿ ಅಲ್ಪಾಯುಷಿಯಾದ ಸ್ಥಳೀಯ ಪತ್ರಿಕೆಯೊಂದರ ಯಂತ್ರಗಳನ್ನು ಕೊಂಡು, ಹಿಂದೆ ಮೋಟಾರು ವ್ಯಾಪಾರ ನಡೆಯುತ್ತಿದ್ದ ಕಟ್ಟಡದಲ್ಲಿ ಕೆಲಸ ತೊಡಗಿದರು. ಪತ್ರಿಕೆಯ ಹೆಸರು ಒಂದು ಸ್ಪರ್ಧೆಯ ಮೂಲಕ ದೊರೆಯಿತು. 1940ರ ಸೆಪ್ಟೆಂಬರ್ 3ರಂದು ಮೊದಲ ಸಂಚಿಕೆಯ ಸುಮಾರು 15,000 ಪ್ರತಿಗಳು ಅಚ್ಚಾದವು. ಒಡೆತನದಲ್ಲಿ ಶೇಕಡಾ 51 ಪಾಲು ಪತಿಯದು, 49 ಪಾಲು ಪತ್ನಿಯದು. ಮುಂದಿನ ಇಪ್ಪತ್ಮೂರು ವರ್ಷಗಳಲ್ಲಿ ಪತ್ರಿಕೆಯೂ ದಾಂಪತ್ಯವೂ ಅನೇಕ ಬಾರಿ ಬಿಕ್ಕಟ್ಟಿಗೆ ಸಿಲುಕಿದವು. ಈ ಲೆಕ್ಕ ಮಾತ್ರ ಬದಲಾಗಲಿಲ್ಲ.

ಅಲಿಸಿಯಾ ತಂದೆಯಿಂದ ಪಡೆದದ್ದು ಟ್ಯಾಬ್ಲಾಯ್ಡ್ ಆಕಾರವನ್ನು. ಆದರೆ ಆ ಆಕಾರದೊಳಗೆ ತುಂಬಿದ ವಸ್ತು ಬೇರೆ. ಶಾಲಾ ಮಂಡಳಿ, ತೆರಿಗೆ, ರಸ್ತೆ, ಚರಂಡಿ, ಸ್ಥಳೀಯ ಪಕ್ಷನಾಯಕರ ಕಾರುಬಾರು ಮುಂತಾಗಿ ಮಹಾನಗರದ ಪತ್ರಿಕೆ ಎತ್ತಿಕೊಳ್ಳದ ಸಂಗತಿಗಳೇ ಇಲ್ಲಿ ಮುಖಪುಟಕ್ಕೆ ಬಂದವು. ಜೊತೆಗೆ ದೇಶವಿದೇಶಗಳ ಸುದ್ದಿಯೂ ಇದ್ದಿತು. ಸಂಜೆ ಮನೆಯಲ್ಲಿ ಓದುವ ಪತ್ರಿಕೆಯಾಗಿ ಅದು ರೂಪುಗೊಂಡಿತು. (1942ರಲ್ಲಿ ಅವರು ಚಿತ್ರಕಾರ್ತಿ ನೀಸಾ ಮ್ಯಾಕ್‌ಮೀನ್ ಅವರೊಡನೆ ಸೇರಿ ಪ್ರಾಚೀನ ಈಜಿಪ್ಟಿನ ರಾಣಿಯೊಬ್ಬಳ ಕಥೆಯುಳ್ಳ ಚಿತ್ರಮಾಲಿಕೆಯನ್ನೂ ಆರಂಭಿಸಿದರು. ಅದು ಬೇಗನೆ ನಿಂತುಹೋಯಿತು; ನಿಂತದ್ದರಿಂದ ನಷ್ಟವೇನೂ ಆಗಲಿಲ್ಲ.)

'ನ್ಯೂಸ್‌ಡೇ'ಯ ಭವಿಷ್ಯ ನಿರ್ಧಾರವಾದದ್ದು ಯುದ್ಧಾನಂತರದ ವಸತಿ ಪ್ರಶ್ನೆಯಲ್ಲಿ. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಮನೆಗಳಿರಲಿಲ್ಲ. 1947ರಲ್ಲಿ ಲೆವಿಟ್ ಸಂಸ್ಥೆ ಹೆಂಪ್‌ಸ್ಟೆಡ್ ಪಟ್ಟಣದ ವ್ಯಾಪ್ತಿಯಲ್ಲಿ, ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ, ಒಂದೇ ಅಚ್ಚಿನ 2,000 ಬಾಡಿಗೆ ಮನೆಗಳನ್ನು ಕಟ್ಟುವ ಯೋಜನೆ ಮುಂದಿಟ್ಟಿತು. ಕಾಂಕ್ರೀಟ್ ಹಾಸಿನ ಮೇಲೆ ನೇರವಾಗಿ ಮನೆ ಕಟ್ಟಿದರೆ ಖರ್ಚು ತಗ್ಗುತ್ತಿತ್ತು. ಆದರೆ ಪ್ರತಿ ಮನೆಗೂ ನೆಲಮಾಳಿಗೆ ಇರಬೇಕೆಂದು ಅಲ್ಲಿನ ಕಟ್ಟಡ ನಿಯಮ ವಿಧಿಸಿತ್ತು. ನಿಯಮ ಬದಲಾಗಬೇಕೆಂದು 'ನ್ಯೂಸ್‌ಡೇ' ಪಟ್ಟುಹಿಡಿದು ಬರೆಯಿತು, ಓದುಗರನ್ನು ಸಾರ್ವಜನಿಕ ವಿಚಾರಣೆಗೆ ಕರೆಯಿತು, ಮಾಜಿ ಸೈನಿಕರೂ ಅವರ ಮಡದಿಯರೂ ಗುಂಪಾಗಿ ಬಂದರು, ನಿಯಮ ಬದಲಾಯಿತು. 1951ರ ವೇಳೆಗೆ ಲೆವಿಟೌನ್ ಎಂಬ ಆ ಬಡಾವಣೆಯಲ್ಲಿ 17,447 ಮನೆಗಳು ಎದ್ದಿದ್ದವು. 1940ರಲ್ಲಿ ನಾಲ್ಕು ಲಕ್ಷದಷ್ಟಿದ್ದ ನಸಾವ್ ಕೌಂಟಿಯ ಜನಸಂಖ್ಯೆ 1960ಕ್ಕೆ ಹದಿಮೂರು ಲಕ್ಷವನ್ನು ಮುಟ್ಟಿತು. ಇಲ್ಲಿ ಪತ್ರಿಕೆ ಓದುಗರನ್ನು ಹುಡುಕಿಕೊಂಡು ಹೋಗಲಿಲ್ಲ. ಓದುಗರು ನೆಲೆಸುವ ಊರನ್ನೇ ಕಟ್ಟಲು ನೆರವಾಯಿತು. ಅದರಲ್ಲಿ ಜನಹಿತವೂ ಇತ್ತು, ಪ್ರಸಾರದ ಲಾಭವೂ ಇತ್ತು. ಇವೆರಡನ್ನು ಬೇರ್ಪಡಿಸಿ ನೋಡುವ ಅಗತ್ಯ ಪತ್ರಿಕೆಗೆ ಆಗ ಕಾಣಲಿಲ್ಲ.

ಕಾಣಬೇಕಾಗಿದ್ದ ಸಂದರ್ಭ ಬೇಗನೆ ಒದಗಿತು. ಲೆವಿಟೌನಿನ ಕರಾರುಪತ್ರದಲ್ಲಿ, ಮನೆಗೆಲಸದವರ ಹೊರತು ಬಿಳಿಯರಲ್ಲದ ಯಾರೂ ಆ ಮನೆಗಳಲ್ಲಿ ವಾಸಿಸಕೂಡದೆಂಬ ಷರತ್ತಿತ್ತು. ಅದೇ ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕರಿಗೂ ಅಲ್ಲಿ ಪ್ರವೇಶವಿರಲಿಲ್ಲ. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು 1948ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲೂ ಲೆವಿಟ್ ಸಂಸ್ಥೆಯ ನೀತಿ ಬದಲಾಗಲಿಲ್ಲ. ಇದನ್ನು ಪ್ರತಿಭಟಿಸಿದವರ ಬೆನ್ನಿಗೆ ನಿಲ್ಲುವ ಬದಲು 1949ರಲ್ಲಿ 'ನ್ಯೂಸ್‌ಡೇ' ತನ್ನ ಸಂಪಾದಕೀಯದಲ್ಲಿ ಅವರ ಹಿಂದೆ ಕಮ್ಯುನಿಸ್ಟರ ಕೈವಾಡವನ್ನು ಕಂಡಿತು. ಅಲಿಸಿಯಾ ಅವರ ಬದುಕಿನ ಬಗೆಗಿನ ಮೆಚ್ಚುಗೆ ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕಾಗುತ್ತದೆ. ರೂಸ್‌ವೆಲ್ಟ್ ವಿಷಯದಲ್ಲಿ ತಂದೆಯನ್ನೂ ಎದುರಿಸಿ ತಮ್ಮ ನಿಲುವು ಉಳಿಸಿಕೊಂಡಿದ್ದ ಉದಾರವಾದಿ ಅವರು. ಆದರೆ ಓದುಗರ ಮಗ್ಗುಲಲ್ಲಿಯೇ ನಿಲ್ಲುವ ಪತ್ರಿಕೆಗೆ, ಆ ಊರಿನೊಳಗೆ ಬರಲು ಅಪ್ಪಣೆಯೇ ಇಲ್ಲದವರು ಓದುಗರಾಗಿ ಕಾಣಲಿಲ್ಲ. ಇದೇ ಪತ್ರಿಕೆ 2019ರಲ್ಲಿ, ಮೂರು ವರ್ಷಗಳ ತನಿಖೆಯ ನಂತರ, ಲಾಂಗ್ ಐಲೆಂಡಿನ ಮನೆ ಮಾರಾಟದ ದಲ್ಲಾಳಿಗಳು ಬಣ್ಣ ನೋಡಿ ಗಿರಾಕಿಗಳನ್ನು ಬೇರೆ ಬೇರೆ ಊರುಗಳಿಗೆ ಕಳಿಸುತ್ತಿರುವುದನ್ನು ವಿವರವಾಗಿ ಪ್ರಕಟಿಸಿತು.

ಅಧಿಕಾರಸ್ಥರನ್ನು ಎದುರು ಹಾಕಿಕೊಳ್ಳುವ ಧೈರ್ಯ ಆ ಪತ್ರಿಕೆಗಿರಲಿಲ್ಲವೆಂದು ಇದರಿಂದ ತಿಳಿಯಬಾರದು. ಲಾಂಗ್ ಐಲೆಂಡಿನ ಕಟ್ಟಡ ಕಾರ್ಮಿಕರ ನಾಯಕನಾಗಿದ್ದ ವಿಲಿಯಂ ಡಿಕೋನಿಂಗ್ ಸಂಘದ ಹೆಸರಿನಲ್ಲಿ ಸುಲಿಗೆ ನಡೆಸುತ್ತಿದ್ದನು. ಅವನ ಹಿಡಿತ ರೂಸ್‌ವೆಲ್ಟ್ ರೇಸ್‌ವೇ ಎಂಬ ಕುದುರೆಪಂದ್ಯದ ಮೈದಾನದ ನೌಕರರವರೆಗೂ ಚಾಚಿತ್ತು. ಆಡಳಿತ ಸಂಪಾದಕ ಅಲನ್ ಹ್ಯಾಥ್‌ವೇ ಅವರ ನೇತೃತ್ವದಲ್ಲಿ ಪತ್ರಿಕೆ ಅವನ ವ್ಯವಹಾರಗಳನ್ನು ವರ್ಷಗಳ ಕಾಲ ಬೆನ್ನಟ್ಟಿತು. ಅವನು ತಪ್ಪೊಪ್ಪಿಕೊಂಡು ಸೆರೆಮನೆ ಸೇರಿದನು. ಇದಕ್ಕಾಗಿ 1954ರಲ್ಲಿ ಸಾರ್ವಜನಿಕ ಸೇವೆಯ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಅದೇ ವರ್ಷ 'ಟೈಮ್' ವಾರಪತ್ರಿಕೆಯ ಮುಖಪುಟದಲ್ಲಿ ಅಲಿಸಿಯಾ ಕಾಣಿಸಿಕೊಂಡರು.

ಒಡೆತನದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಅವರು ಸಂಪಾದಕಿ, ಪ್ರಕಾಶಕಿ. ಆದರೆ ಅಂತಿಮ ಮಾತು ಶೇಕಡಾ 51ರದು. ಪತಿ ಸಂಪ್ರದಾಯವಾದಿ ರಿಪಬ್ಲಿಕನ್. ಪತ್ನಿ ಡೆಮಾಕ್ರಟಿಕ್ ಪಕ್ಷದತ್ತ ಒಲಿದವರು, ಅಡ್ಲೈ ಸ್ಟೀವನ್‌ಸನ್ ಅವರ ಆಪ್ತ ಸ್ನೇಹಿತೆ. 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆಕೆ ಕೆನಡಿಯವರನ್ನು, ಆತ ನಿಕ್ಸನ್ನರನ್ನು ಬೆಂಬಲಿಸಿದರು. ಎರಡೂ ನಿಲುವುಗಳು ಒಂದೇ ಪತ್ರಿಕೆಯಲ್ಲಿ ಪ್ರಕಟವಾದವು. ಓದುಗರಿಗೆ ಇದು ವಿನೋದವಾಗಿ ಕಂಡಿರಬಹುದು. ಸಂಪಾದಕಿಯ ಸ್ಥಾನದಿಂದ ನೋಡಿದರೆ, ತಾವು ಕಟ್ಟಿದ ಪತ್ರಿಕೆಯಲ್ಲಿ ತಮ್ಮ ಅಭಿಪ್ರಾಯ ಎರಡರಲ್ಲಿ ಒಂದಾಗಿ ಮಾತ್ರ ನಿಲ್ಲಬೇಕಾದ ಸ್ಥಿತಿ ಅದು.

1963ರ ಜುಲೈ 2ರಂದು, ಹೊಟ್ಟೆಯ ಹುಣ್ಣಿನ ಶಸ್ತ್ರಚಿಕಿತ್ಸೆಯ ನಂತರ, 56ನೆಯ ವಯಸ್ಸಿನಲ್ಲಿ ಅಲಿಸಿಯಾ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಆಗ ಪತ್ರಿಕೆಯ ಪ್ರಸಾರ ಸುಮಾರು 3,75,000 ಪ್ರತಿಗಳು. ಅವರ ಹೆಸರಿನ ಪ್ರತಿಷ್ಠಾನವೊಂದು ಪತ್ರಕರ್ತರಿಗೆ ಶಿಷ್ಯವೇತನ ನೀಡಲು ಆರಂಭವಾಯಿತು. ಪತ್ರಿಕೆಯ ಆಡಳಿತವನ್ನು ಗುಗೆನ್‌ಹೈಮ್ ವಹಿಸಿಕೊಂಡರು; 1967ರಲ್ಲಿ ಬಿಲ್ ಮೋಯರ್ಸ್ ಅವರನ್ನು ಪ್ರಕಾಶಕರನ್ನಾಗಿ ಕರೆತಂದರು; ಅವರ ಉದಾರ ಧೋರಣೆ ಹಿಡಿಸದೆ 1970ರಲ್ಲಿ ತಮ್ಮ ಪಾಲನ್ನು ಲಾಸ್ ಏಂಜಲೀಸಿನ ಟೈಮ್ಸ್ ಮಿರರ್ ಸಂಸ್ಥೆಗೆ ಮಾರಿದರು. ಅಲಿಸಿಯಾ ಅವರ ಶೇಕಡಾ 49ರ ಪಾಲು ಆಗ ಅವರ ಬಂಧುಗಳಲ್ಲಿತ್ತು. ಮಾರಾಟವನ್ನು ತಡೆಯಲು ಅದು ಸಾಲಲಿಲ್ಲ.