ಮಂಗನ ಕಾಯಿಲೆಯ ಬೆನ್ನು ಹತ್ತಿದ ಟೆಲ್ಫೋರ್ಡ್ ವರ್ಕ್, ಮತ್ತು ಮಲೆನಾಡಿಗೆ ಉಳಿದುಹೋದ ಪ್ರಶ್ನೆ

ಅಡಿಕೆ ಕೊಯ್ಲು ಮುಗಿಯುತ್ತಾ ಬಂತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಒಂದು ವಿಚಾರಣೆ ಶುರುವಾಗುತ್ತದೆ. ಎಲ್ಲಾದರೂ ಮಂಗ ಸತ್ತ ಸುದ್ದಿ ಇದೆಯಾ ಅಂತ. ಆಶಾ ಕಾರ್ಯಕರ್ತೆಯರು ಕೈಕಾಲಿಗೆ ಹಚ್ಚಿಕೊಳ್ಳುವ ತೈಲದ ಬಾಟಲಿ ಹಿಡಿದು ಮನೆಮನೆಗೆ ಬರುತ್ತಾರೆ. ದರಗು ತರಲು ಸೊಪ್ಪಿನಬೆಟ್ಟಕ್ಕೆ ಹೋಗುವವರಿಗೆ ಹುಷಾರು ಹೇಳುತ್ತಾರೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದೇ ಪಾಡು. ಇದು ಸುಮಾರು ಏಳು ದಶಕಗಳಿಂದ ನಡೆದುಬಂದ ಕಥೆ. ಈಗ ಈ ಕಾಯಿಲೆಗೆ ಕೊಡಲು ಲಸಿಕೆಯೂ ಕೈಯಲ್ಲಿಲ್ಲ.

ಈ ಕಥೆಯ ಮೊದಲ ಅಧ್ಯಾಯದಲ್ಲಿ ಒಬ್ಬ ಅಮೆರಿಕನ್ ವೈದ್ಯ ಇದ್ದಾರೆ. ಹೆಸರು ಟೆಲ್ಫೋರ್ಡ್ ವರ್ಕ್. ವೈರಸ್ ವಿಜ್ಞಾನದ ಲೋಕದಲ್ಲಿ ದೊಡ್ಡ ಹೆಸರು. ಮಲೆನಾಡಿನಲ್ಲಿ ಬಹುತೇಕ ಯಾರಿಗೂ ನೆನಪಿಲ್ಲದ ಹೆಸರು. ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತ ಯೋಚಿಸುತ್ತಿರುವ ನಮ್ಮ ಹುಡುಗ ಹುಡುಗಿಯರು ಅವರ ಬದುಕನ್ನು ಒಮ್ಮೆ ನೋಡಬೇಕು. ಪೂಜೆ ಮಾಡುವುದಕ್ಕಲ್ಲ, ಬೈಯುವುದಕ್ಕೂ ಅಲ್ಲ. ಒಂದು ಕಾಯಿಲೆಯ ಮೇಲೆ ವಿಜ್ಞಾನ ಹೇಗೆ ಕೆಲಸ ಮಾಡುತ್ತದೆ, ಅದರ ಫಲ ಯಾರಿಗೆ ಸಿಗುತ್ತದೆ ಅನ್ನುವುದನ್ನು ತಿಳಿಯುವುದಕ್ಕೆ.

ಫಿಜಿ, ಈಜಿಪ್ಟ್, ಪುಣೆ

ವರ್ಕ್ ಹುಟ್ಟಿದ್ದು 1921ರಲ್ಲಿ. ಓದಿದ್ದು ಸ್ಟ್ಯಾನ್‌ಫೋರ್ಡ್‌ನಲ್ಲಿ, ವೈದ್ಯಕೀಯ. ಆಸ್ಪತ್ರೆ ಇಟ್ಟುಕೊಂಡು ಕೂರಬಹುದಿತ್ತು, ಕೂರಲಿಲ್ಲ. ಫಿಜಿ ದ್ವೀಪಗಳಲ್ಲಿ ಆನೆಕಾಲು ರೋಗದ ಅಧ್ಯಯನಕ್ಕೆ ಹೋದರು. ಆಮೇಲೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ವೈರಸ್ ಸಂಶೋಧನೆಯ ಜಾಲಕ್ಕೆ ಸೇರಿ ಈಜಿಪ್ಟಿಗೆ ಬಂದರು. ನೈಲ್ ನದಿಯ ಮುಖಜಭೂಮಿಯಲ್ಲಿ ವೆಸ್ಟ್ ನೈಲ್ ವೈರಸ್ ಸೊಳ್ಳೆ, ಹಕ್ಕಿ, ಮನುಷ್ಯರ ನಡುವೆ ಹೇಗೆ ಸುತ್ತುತ್ತದೆ ಎಂದು ಪತ್ತೆಹಚ್ಚಿದ ತಂಡದಲ್ಲಿ ಅವರೂ ಇದ್ದರು. ಹಕ್ಕಿಗಳೆಂದರೆ ಅವರಿಗೆ ಮೊದಲಿನಿಂದಲೂ ಹುಚ್ಚು. ಕ್ಯಾಮೆರಾ ಹೆಗಲಲ್ಲೇ ಇರುತ್ತಿತ್ತು.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆದಿದ್ದವು. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ, ಅದೇ. ಐವತ್ತರ ದಶಕದ ಮಧ್ಯದಲ್ಲಿ ವರ್ಕ್ ಅದರ ನಿರ್ದೇಶಕರಾದರು. 1955ರಲ್ಲಿ ವೆಲ್ಲೂರು ಸುತ್ತಮುತ್ತ ಮಕ್ಕಳನ್ನು ಕಾಡಿದ ಮೆದುಳು ಜ್ವರ ಜಪಾನೀಸ್ ಎನ್ಸೆಫಲೈಟಿಸ್ ಎಂದು ತೋರಿಸಿಕೊಟ್ಟ ಕೆಲಸದಲ್ಲಿ ಅವರ ಪಾಲಿದೆ. ಅದನ್ನು ತೋರಿಸಿದ್ದು ರಕ್ತದ ಪ್ರತಿಕಾಯಗಳ ಪರೀಕ್ಷೆಯಿಂದ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1957ರ ಬೇಸಿಗೆ, ಕ್ಯಾಸನೂರು

1957ರ ಮಾರ್ಚ್. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲೂಕಿನ ಕ್ಯಾಸನೂರು ಕಾಡು. ಕಾಡಂಚಿನ ಊರುಗಳ ಜನ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಮೈಕೈ ನೋವು ಅಂತ ಮಲಗುತ್ತಿದ್ದರು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ ಬರುತ್ತಿತ್ತು. ಮೊದಲು ಟೈಫಾಯಿಡ್ ಇರಬಹುದು ಅಂದುಕೊಂಡಿದ್ದರು. ಆದರೆ ಅದೇ ಹೊತ್ತಿಗೆ ಕಾಡಿನಲ್ಲಿ ಮುಸಿಯ, ಕೆಂಪು ಮಂಗಗಳು ಸತ್ತು ಬೀಳತೊಡಗಿದವು.

ಆ ಸುದ್ದಿ ಪುಣೆಗೆ ಮುಟ್ಟಿದಾಗ ಅಲ್ಲಿನವರು ಬೆಚ್ಚಿಬಿದ್ದರು. ಮನುಷ್ಯನಿಗೂ ಜ್ವರ, ಮಂಗಗಳೂ ಸಾಯುತ್ತಿವೆ ಅಂದರೆ ಆ ಕಾಲದ ವೈರಸ್ ತಜ್ಞರ ತಲೆಗೆ ಮೊದಲು ಬರುವುದು ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿರುವ ಆ ಕಾಯಿಲೆ ಏಷ್ಯಾಕ್ಕೆ ಯಾವತ್ತೂ ಬಂದಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಬಂದಿದ್ದರೆ ಏನಾಗುತ್ತಿತ್ತು ಅಂತ ಊಹಿಸುವುದೂ ಕಷ್ಟ.

ವರ್ಕ್ ತಂಡ ಕಟ್ಟಿಕೊಂಡು ಬಂದರು. ಜೊತೆಗೆ ಹೆರಾಲ್ಡ್ ಟ್ರಾಪಿಡೊ ಎಂಬ ಪ್ರಾಣಿಶಾಸ್ತ್ರಜ್ಞ, ಭಾರತೀಯ ವೈದ್ಯರು, ಕೀಟ ತಜ್ಞರು, ಪ್ರಯೋಗಾಲಯದ ಸಿಬ್ಬಂದಿ. ಸತ್ತ ಮಂಗಗಳ ಅಂಗಾಂಗ, ರೋಗಿಗಳ ರಕ್ತ ಪುಣೆಗೆ ಹೋದವು. ವೈರಸ್ ಸಿಕ್ಕಿತು. ಹಳದಿ ಜ್ವರ ಅಲ್ಲ. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗುಗಳನ್ನು ಹಿಡಿದರು. ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು, ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗು, ರೋಗ ಹರಡುವ ಮುಖ್ಯ ದಾರಿ ಎಂಬುದು ತಿಳಿಯಿತು. ವೈರಸ್ಸಿಗೆ ಕಾಡಿನ ಹೆಸರೇ ಬಂತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಜನರ ಬಾಯಲ್ಲಿ ಮಂಗನ ಕಾಯಿಲೆ.

ಈ ಕೆಲಸ ಪುಕ್ಕಟೆ ಆಗಲಿಲ್ಲ. ವೈರಸ್ ಮುಟ್ಟಿದ ಎಷ್ಟೋ ಪ್ರಯೋಗಾಲಯ ಸಿಬ್ಬಂದಿಗೇ ಕಾಯಿಲೆ ತಗುಲಿತು. ಮಾದರಿ ಹೊತ್ತವರು, ಉಣುಗು ಹಿಡಿದವರು, ದಾರಿ ತೋರಿಸಿದ ಊರಿನವರು, ಇವರ ಹೆಸರುಗಳು ದೊಡ್ಡ ಪ್ರಬಂಧಗಳ ಮೇಲೆ ಬರುವುದಿಲ್ಲ.

ಹೋಲಿಕೆ ಬೇರೆ, ರಕ್ಷಣೆ ಬೇರೆ

ಇಲ್ಲಿಂದ ಕಥೆ ಇಮ್ಯುನಾಲಜಿಯದ್ದು, ಅಂದರೆ ರೋಗನಿರೋಧಕ ಶಾಸ್ತ್ರದ್ದು. ಹೊಸ ವೈರಸ್ ಯಾವ ಕುಲದ್ದು ಅಂತ ತಿಳಿಯಲು ಆಗ ಜೀನ್ ಓದುವ ಯಂತ್ರ ಇರಲಿಲ್ಲ. ಇದ್ದದ್ದು ಪ್ರತಿಕಾಯ ಒಂದೇ. ಒಂದು ವೈರಸ್ಸಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಇನ್ನೊಂದು ವೈರಸ್ಸನ್ನೂ ಗುರುತಿಸಿದರೆ ಅವೆರಡೂ ನೆಂಟರು. ಹೀಗೆ ನೋಡಿದಾಗ ಮಲೆನಾಡಿನ ವೈರಸ್ಸು ಸಾವಿರಾರು ಮೈಲಿ ದೂರದ ಸೈಬೀರಿಯಾ ಕಡೆಯ ಉಣುಗು ಜ್ವರದ ನೆಂಟ ಎಂದು ಗೊತ್ತಾಯಿತು. ರಷ್ಯನ್ ವಸಂತ-ಬೇಸಿಗೆ ಮೆದುಳು ಜ್ವರ ಅಂತ ಅದರ ಹೆಸರು.

ಇದರಿಂದ ಎರಡು ಊಹೆ ಹುಟ್ಟಿದವು. ಎರಡೂ ಸೋತವು.

ಮೊದಲನೆಯದು ಲಸಿಕೆ. ನೆಂಟನೇ ಆದರೆ ಆ ರಷ್ಯನ್ ಕಾಯಿಲೆಯ ಲಸಿಕೆ ಇಲ್ಲೂ ಕೆಲಸ ಮಾಡಬೇಕಲ್ಲ? ಇಲಿಯ ಮೆದುಳಿನಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆ ಲಸಿಕೆಯನ್ನು ಐವತ್ತರ ದಶಕದ ಕೊನೆಗೆ ನಮ್ಮ ಹಳ್ಳಿಗಳಲ್ಲಿ ಕೊಟ್ಟು ನೋಡಿದರು. ರಕ್ಷಣೆ ಸಿಗಲಿಲ್ಲ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಎರಡು ವೈರಸ್ ಹೋಲುತ್ತವೆ ಅಂದಮಾತ್ರಕ್ಕೆ ದೇಹ ಅವೆರಡನ್ನೂ ಒಂದೇ ರೀತಿ ತಡೆಯುತ್ತದೆ ಅಂತಲ್ಲ. ಇಮ್ಯುನಾಲಜಿ ಓದುವವರಿಗೆ ಮೊದಲ ಪಾಠ ಇದೇ. ಆ ಪಾಠಕ್ಕೆ ತೋಳು ಕೊಟ್ಟವರು ಶಿವಮೊಗ್ಗದ ರೈತರು, ಕೂಲಿಗಳು.

ಎರಡನೆಯದು ಹಕ್ಕಿ. ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು ವೈರಸ್ ಹೊತ್ತು ತಂದಿರಬಹುದೇ ಎಂಬ ಶಂಕೆ ಮೂಡಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಶುರು ಮಾಡಿತು. ಹಕ್ಕಿಗಳ ಬಗ್ಗೆ ಬಹಳಷ್ಟು ತಿಳಿಯಿತು. ಸೈಬೀರಿಯಾದಿಂದ ವೈರಸ್ ಬಂದಿದ್ದಕ್ಕೆ ಪುರಾವೆ ಸಿಗಲಿಲ್ಲ. ಮುಂದೆ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣವೂ ಬಂದಿತ್ತು ಎಂಬ ವಿಷಯ ಎದ್ದು, 1970ರ ದಶಕದ ಮಧ್ಯದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಸಹಭಾಗಿತ್ವದ ಸಂಶೋಧನೆಗಳನ್ನೇ ಪ್ರಶ್ನಿಸಿತು.

ಅಮೆರಿಕದವರೇ ಈ ಕಾಯಿಲೆ ಬಿಟ್ಟು ಹೋದರು ಅನ್ನುವ ಮಾತು ಇಂದಿಗೂ ಅಲ್ಲಲ್ಲಿ ಕೇಳಿಸುತ್ತದೆ. ಅದಕ್ಕೆ ಆಧಾರ ಇಲ್ಲ, ಅದನ್ನು ವಾಟ್ಸಾಪಿನಲ್ಲಿ ದಾಟಿಸುವುದೂ ಬೇಡ. ಆದರೆ ನಮ್ಮ ಜನರ ರಕ್ತ, ನಮ್ಮ ಕಾಡಿನ ಮಾಹಿತಿ ಯಾರ ಕೈಗೆ ಹೋಗುತ್ತದೆ, ಯಾರ ದುಡ್ಡು, ಯಾರ ಲಾಭ ಅಂತ ಸಂಸತ್ತು ಕೇಳಿದ್ದು ಸರಿಯಾದ ಪ್ರಶ್ನೆ. ವದಂತಿಯನ್ನೂ ಪ್ರಶ್ನೆಯನ್ನೂ ಬೇರೆ ಮಾಡಿ ನೋಡುವುದನ್ನು ನಾವು ಕಲಿಯಬೇಕು.

ಅವರು ಹೋದ ಮೇಲೆ

ವರ್ಕ್ 1958ರ ಹೊತ್ತಿಗೆ ಭಾರತ ಬಿಟ್ಟರು. ಅರವತ್ತರ ದಶಕದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯಲ್ಲಿ ವೈರಸ್ ವಿಭಾಗ ನೋಡಿಕೊಂಡರು. ಫ್ಲೋರಿಡಾದ ಸೆಮಿನೋಲ್ ಮೂಲನಿವಾಸಿಗಳ ರಕ್ತದಲ್ಲಿ ಪ್ರತಿಕಾಯ ಹುಡುಕಿ, ಅಲ್ಲಿನ ಜೌಗು ಕಾಡಿನಲ್ಲಿ ಯಾರಿಗೂ ತಿಳಿಯದಂತೆ ಸುತ್ತುತ್ತಿದ್ದ ವೈರಸ್ಸಿನ ಸುಳಿವು ಕೊಟ್ಟರು. ಆಮೇಲೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1995ರಲ್ಲಿ ತೀರಿಕೊಂಡರು. ಕಾಡು, ಹಕ್ಕಿ, ರಕ್ತ, ಪ್ರಯೋಗಾಲಯ ಎಲ್ಲವನ್ನೂ ಒಂದೇ ನೋಟದಲ್ಲಿ ಹಿಡಿದ ಜೀವನ. ಯಾವ ಲೆಕ್ಕದಲ್ಲೂ ತುಂಬಿದ ವೃತ್ತಿಜೀವನ.

ಮಲೆನಾಡಿನಲ್ಲಿ ಕೆಲಸ ನಿಲ್ಲಲಿಲ್ಲ. ಪುಣೆಯ ಕೇಂದ್ರ ಸಾಗರದಲ್ಲಿ ಕ್ಷೇತ್ರ ಕೇಂದ್ರ ನಡೆಸಿತು. ಪಿ.ಕೆ. ರಾಜಗೋಪಾಲನ್ ಅಂಥವರು ವರ್ಷಗಟ್ಟಲೆ ಇಲ್ಲಿನ ಕಾಡು ಅಲೆದರು. ಕೊಲಂಬಿಯಾದಿಂದ ಬಂದ ಜಾರ್ಜ್ ಬಾಷೆಲ್, ಕಾಡು ಕಡಿದು ಗದ್ದೆ ತೋಟ ಮಾಡಿದ್ದು, ದನಗಳು ಕಾಡಿನೊಳಗೆ ಮೇಯುವುದು, ಆ ದನಗಳ ಮೈಮೇಲೆ ಉಣುಗು ಹೆಚ್ಚುವುದು, ಇವೆಲ್ಲ ಸೇರಿ ಕಾಡಿನೊಳಗೇ ಇದ್ದ ವೈರಸ್ಸನ್ನು ಮನುಷ್ಯರ ಬಾಗಿಲಿಗೆ ತಂದವು ಎಂದು ವಾದಿಸಿದರು. ಈ ಕಾಯಿಲೆಯ ಮೇಲೆ ದುಡಿದ ಖುರ್ಷೀದ್ ಪಾವ್ರಿ ಮುಂದೆ ಎನ್‌ಐವಿಯ ಮೊದಲ ಮಹಿಳಾ ನಿರ್ದೇಶಕಿಯಾದರು.

ಅರವತ್ತರ ದಶಕದಲ್ಲಿ ಪುಣೆಯ ಭಾರತೀಯ ವಿಜ್ಞಾನಿಗಳೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಬೆಳೆಸಿ ಲಸಿಕೆ ಮಾಡಿದರು. ತೊಂಬತ್ತರ ದಶಕದ ಆರಂಭದ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಲ್ಲಿ ಅದರ ರಕ್ಷಣೆ ಶೇ. 93.5 ಎಂದು ವರದಿಯಾಯಿತು. 2005ರಿಂದ 2010ರವರೆಗಿನ ಮಾಹಿತಿಯನ್ನು ಲೆಕ್ಕ ಹಾಕಿದಾಗ ಅದೇ ಎರಡು ಡೋಸಿನ ರಕ್ಷಣೆ ಶೇ. 62.4ಕ್ಕೆ ಇಳಿದಿತ್ತು. ಬೂಸ್ಟರ್ ಸೇರಿದರೆ ಶೇ. 82.9. ಒಂದೇ ಡೋಸ್ ತೆಗೆದುಕೊಂಡವರಿಗೆ ಪ್ರಯೋಜನವೇ ಕಾಣಲಿಲ್ಲ. ಕೂಲಿ ಬಿಟ್ಟು ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಲು ಯಾರು ಬರುತ್ತಾರೆ? 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು.

ಇಷ್ಟರಲ್ಲಿ ಕಾಯಿಲೆ ಊರು ದಾಟಿತ್ತು. 2012ರಿಂದೀಚೆಗೆ ಬಂಡೀಪುರ, ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. 2018ರ ಕೊನೆಯಿಂದ ಸಾಗರ ತಾಲೂಕಿನ ಅರಳಗೋಡು ಸುತ್ತ ಸಾಲು ಸಾಲಾಗಿ ಜನ ಸತ್ತರು. 2024ರ ಆರಂಭದಲ್ಲಿ ಹೊಸನಗರ ತಾಲೂಕಿನಿಂದ ಸಾವಿನ ಸುದ್ದಿ ಬಂತು. ಈಗ ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಗೆ ಕೆಲಸ ಮಾಡುತ್ತಿದೆ.

ಈ ಪ್ರಶ್ನೆ ಯಾರದ್ದು?

ಹಳೆಯ ಲಸಿಕೆ ಯಾಕೆ ಸೊರಗಿತು? ಕಾಯಿಲೆ ಗೆದ್ದುಬಂದವರ ದೇಹದಲ್ಲಿ ರಕ್ಷಣೆ ಕೊಡುವುದು ಪ್ರತಿಕಾಯವೋ, ಟಿ ಕೋಶಗಳೋ, ಎರಡೂ ಸೇರಿಯೋ? ಎಷ್ಟು ವರ್ಷ? ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮೆದುಳಿಗೆ ತೊಂದರೆ ಆಗಿ ಎರಡನೇ ಸುತ್ತು ಬರುವುದು ಯಾಕೆ? ಮಣಿಪಾಲದ ಸಂಶೋಧಕರು 2020ರಲ್ಲಿ ರೋಗಿಗಳ ರಕ್ತದಲ್ಲಿ ಬಿ ಮತ್ತು ಟಿ ಕೋಶಗಳು ಹೇಗೆ ಎಚ್ಚೆತ್ತುಕೊಳ್ಳುತ್ತವೆ ಎಂದು ದಾಖಲಿಸಿದ್ದು ಇಂಥ ಕೆಲಸದ ಶುರು. ಕಾಯಿಲೆ ಪತ್ತೆಯಾಗಿ 63 ವರ್ಷಗಳ ಮೇಲೆ! ಅಂದರೆ ಮಾಡಬೇಕಾದ್ದು ಬೆಟ್ಟದಷ್ಟಿದೆ.

ದಾರಿ ಇಲ್ಲದೇ ಇಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಬೇರೆಡೆಯೋ ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನದಲ್ಲಿ ಎಂಎಸ್ಸಿ ಮಾಡಿದವರು ಸಿಎಸ್‌ಐಆರ್-ಯುಜಿಸಿ ನೆಟ್, ಐಸಿಎಂಆರ್ ಜೆಆರ್‌ಎಫ್, ಗೇಟ್ ಬರೆದು ಬೆಂಗಳೂರಿನ ಐಐಎಸ್ಸಿ, ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರ, ಪುಣೆಯ ಎನ್‌ಐವಿ, ದೆಹಲಿಯ ರಾಷ್ಟ್ರೀಯ ಇಮ್ಯುನಾಲಜಿ ಸಂಸ್ಥೆಯಂಥ ಕಡೆ ಪಿಎಚ್‌ಡಿಗೆ ಹೋಗಬಹುದು. ಕಿರಿಯ ಸಂಶೋಧಕರ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ವೈದ್ಯರಿಗೂ ಪಶುವೈದ್ಯರಿಗೂ ಇಲ್ಲಿ ಜಾಗವಿದೆ. ದನ, ಉಣುಗು, ಮಂಗ, ಮನುಷ್ಯ ಎಲ್ಲರೂ ಒಂದೇ ಸರಪಳಿಯಲ್ಲಿರುವ ಕಾಯಿಲೆ ಇದು. ಅಂಕಿ ಅಂಶ ಬಲ್ಲವರೂ ಬೇಕು, ಕಾಡಿನ ದಾರಿ ಬಲ್ಲವರೂ ಬೇಕು.

ಹಾಗಂತ ಇದನ್ನು ಬರೀ ಕೆರಿಯರ್ ಸಲಹೆ ಅಂತ ಓದಬೇಡಿ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾದರೆ ಬಡವರ ಮನೆಯ ಮಕ್ಕಳು ಮೊದಲು ಹೊರಬೀಳುತ್ತಾರೆ. ಕಾಯಿಲೆ ಇರುವ ಜಿಲ್ಲೆಯಲ್ಲೇ ಸುಸಜ್ಜಿತ ಸಂಶೋಧನಾಲಯ ಇಲ್ಲದಿದ್ದರೆ ಇಲ್ಲಿನ ರಕ್ತ ಬೇರೆ ಊರಿಗೇ ಹೋಗುತ್ತಿರುತ್ತದೆ. ಇವೆರಡೂ ಬಜೆಟ್ಟಿನ ಪ್ರಶ್ನೆಗಳು, ಅಂದರೆ ರಾಜಕೀಯದ ಪ್ರಶ್ನೆಗಳು. ಚುನಾವಣೆಯಲ್ಲಿ ಅಡಿಕೆ ಬೆಲೆ, ಬಗರ್‌ಹುಕುಂ ಬಗ್ಗೆ ಅಭ್ಯರ್ಥಿಗಳನ್ನು ಕೇಳುವ ನಾವು ಲಸಿಕೆ ಎಲ್ಲಿ, ಪ್ರಯೋಗಾಲಯ ಎಲ್ಲಿ ಅಂತ ಯಾಕೆ ಕೇಳುವುದಿಲ್ಲ?

ಟೆಲ್ಫೋರ್ಡ್ ವರ್ಕ್ ಬಂದರು, ಕಂಡುಹಿಡಿದರು, ಊಹಿಸಿದರು, ಅರ್ಧ ತಪ್ಪಿದರು, ಹೋದರು. ಸಂಶೋಧಕರ ಕೆಲಸವೇ ಅಂಥದ್ದು, ತಪ್ಪೇನಲ್ಲ. ಅವರಿಗೆ ಇದು ಕೈಗೆತ್ತಿಕೊಂಡ ಹಲವು ಪ್ರಶ್ನೆಗಳಲ್ಲಿ ಒಂದಾಗಿತ್ತು. ಡಿಸೆಂಬರ್ ಬಂದಾಗ ಅಪ್ಪ ಅಮ್ಮನನ್ನು ದರಗು ತರಲು ಕಳಿಸಬೇಕಾ ಬೇಡವಾ ಅಂತ ಯೋಚಿಸುವ ಮನೆಯ ಮಗಳಿಗೋ ಮಗನಿಗೋ ಇದು ಮನೆಯ ಪ್ರಶ್ನೆ. ಉತ್ತರ ಹುಡುಕಲು ಕೂರುವವರಲ್ಲಿ ಅವರೂ ಇರಬೇಕು.