ಜೋನ್ ವೂಲ್ಮನನು ಬರೆದ ಕ್ರಯಪತ್ರ

ಅಮೇರಿಕದ ನ್ಯೂ ಜೆರ್ಸಿ ಸೀಮೆಯಲ್ಲಿ 1720ನೆಯ ಇಸವಿಯಲ್ಲಿ ಜೋನ್ ವೂಲ್ಮನನು ಹುಟ್ಟಿದನು. ಅವನ ತಂದೆತಾಯಿಗಳು ಒಕ್ಕಲುತನ ಮಾಡುವವರು, ಕ್ವೇಕರರ ಸಭೆಗೆ ಸೇರಿದ ದೇವಭಕ್ತರು. ಆ ಸಭೆಯವರು ಆರಾಧನೆಯಲ್ಲಿ ಮೌನವಾಗಿ ಕೂತು, ದೇವರಾತ್ಮನು ಹೃದಯದಲ್ಲಿ ತಿಳಿಸುವದಕ್ಕಾಗಿ ಕಾದುಕೊಂಡಿರುವದುಂಟು. ವೂಲ್ಮನನು 21ನೆಯ ವಯಸ್ಸಿನಲ್ಲಿ ಹೊಲವನ್ನು ಬಿಟ್ಟು, ಮೌಂಟ್ ಹಾಲಿ ಎಂಬ ಊರಿನ ಒಬ್ಬ ವರ್ತಕನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು.

ಆ ಕಾಲದಲ್ಲಿ ಅಲ್ಲಿಯ ಅನೇಕ ಕ್ರೈಸ್ತರು, ಕ್ವೇಕರರು ಸಹ, ಆಫ್ರಿಕದಿಂದ ತರಲ್ಪಟ್ಟ ಜನರನ್ನೂ ಅವರ ಸಂತತಿಯವರನ್ನೂ ಗುಲಾಮರಾಗಿಟ್ಟುಕೊಂಡು ದನಗಳಂತೆ ಮಾರುತ್ತಿದ್ದರು. ಒಂದು ದಿನ ಯಜಮಾನನು ತನ್ನ ದಾಸಿಯೊಬ್ಬಳನ್ನು ಮಾರಿ, ಅದರ ಕ್ರಯಪತ್ರವನ್ನು ಕೂಡಲೆ ಬರೆಯುವಂತೆ ವೂಲ್ಮನನಿಗೆ ಅಪ್ಪಣೆ ಕೊಟ್ಟನು. ಕೊಂಡವನು ಕಾದು ನಿಂತಿದ್ದನು. ವೂಲ್ಮನನ ಮನಸ್ಸು ಕಳವಳಗೊಂಡಿತು. ಆದರೆ ತಾನು ವರುಷದ ಸಂಬಳದ ಆಳು, ಹೇಳಿದವನು ಯಜಮಾನ, ಕೊಳ್ಳುವವನೋ ತನ್ನ ಸಭೆಗೆ ಸೇರಿದ ವೃದ್ಧ ಎಂದು ಎಣಿಸಿ ಬರೆದುಕೊಟ್ಟನು. ಪತ್ರವು ಮುಗಿಯುವಾಗ ತಾಳಲಾರದೆ, ಗುಲಾಮರನ್ನಿಟ್ಟುಕೊಳ್ಳುವದು ಕ್ರೈಸ್ತ ಮತಕ್ಕೆ ಒಪ್ಪುವದಲ್ಲವೆಂದು ಇಬ್ಬರ ಮುಂದೆಯೂ ಹೇಳಿದನು. ಇದರಿಂದ ಅವನ ಭಾರವು ತುಸು ಹಗುರವಾಯಿತೇ ಹೊರತು ಇಳಿಯಲಿಲ್ಲ. ಬರೆಯಲಾರೆನೆಂದು ಮೊದಲೇ ಬಿನ್ನವಿಸಿಕೊಳ್ಳಬೇಕಾಗಿತ್ತೆಂದು ನೆನೆನೆನೆದು ನೊಂದನು. ಆ ದಾಸಿಗಾದರೋ ಅವನ ವ್ಯಥೆಯಿಂದ ಯಾವ ಪ್ರಯೋಜನವೂ ಆಗಲಿಲ್ಲ. ಅವಳು ಮಾರಲ್ಪಟ್ಟು ಹೋದಳು.

ಸ್ವಲ್ಪ ಕಾಲದ ಮೇಲೆ ಸಭೆಯ ಒಬ್ಬ ಯೌವನಸ್ಥನು ಇಂಥದೇ ಪತ್ರ ಬರೆಯಿಸಲು ಬಂದನು. ಈ ಸಲ ವೂಲ್ಮನನು ಲೇಖಣಿಯನ್ನು ಮುಟ್ಟುವ ಮೊದಲೇ ಸ್ನೇಹಭಾವದಿಂದ ಒಲ್ಲೆನೆಂದನು. ಆಶ್ಚರ್ಯವೇನಂದರೆ, ಗುಲಾಮರನ್ನು ಇಟ್ಟುಕೊಳ್ಳುವದು ತನಗೂ ಪೂರ್ತಿ ಸಮಾಧಾನವಲ್ಲವೆಂದು ಅವನೂ ಒಪ್ಪಿಕೊಂಡನು.

ವೂಲ್ಮನನಿಗೆ ಆಕಾಶದಿಂದ ಶಬ್ದವೇನೂ ಕೇಳಿಸಲಿಲ್ಲ. ಮೊದಲು ಅಲಕ್ಷ್ಯ ಮಾಡಿದ ಮನಸ್ಸಿನ ಅಸಮಾಧಾನವನ್ನೇ ಅವನು ಬರಬರುತ್ತಾ ಬೇಗ ಗುರುತಿಸಲು ಕಲಿತನು. ಬಳಿಕ ಅವನು ದರ್ಜಿಯ ಕೆಲಸದೊಡನೆ ಸ್ವಂತ ಅಂಗಡಿಯನ್ನೂ ಇಟ್ಟನು. ವ್ಯಾಪಾರವು ಚೆನ್ನಾಗಿ ಬೆಳೆಯಿತು. ಆದರೆ ಬಡವರು ಬೇಡದ ಸಾಮಾನುಗಳನ್ನು ಕಡವಾಗಿ ಕೊಂಡು ಸಾಲಕ್ಕೆ ಬೀಳುವದನ್ನೂ, ತನ್ನ ಮನಸ್ಸು ಲೆಕ್ಕದಲ್ಲಿಯೇ ಮುಳುಗುವದನ್ನೂ ಕಂಡು, 1756ರಲ್ಲಿ ವ್ಯಾಪಾರವನ್ನು ಬಿಟ್ಟು, ಹೊಲಿಗೆಯಿಂದಲೂ ಸೇಬಿನ ತೋಟದಿಂದಲೂ ಜೀವನ ಮಾಡಿದನು. ಕಡದ ಅಂಗಡಿ ಎಂಥದೆಂದು ನಮ್ಮ ವಾಚಕರು ಬಲ್ಲರು. ನಡೆಯುವ ಅಂಗಡಿಯನ್ನು ಬಿಡುವದು ಎಷ್ಟು ಕಷ್ಟವೆಂಬದನ್ನೂ ಬಲ್ಲರು.

ಒಮ್ಮೆ ಪೆಟ್ಟು ತಗಲಿ ಹಾಸಿಗೆ ಹಿಡಿದ ನೆರೆಯವನು ತನ್ನ ಮರಣಶಾಸನವನ್ನು ಬರೆಯುವಂತೆ ಅವನನ್ನು ಬೇಡಿಕೊಂಡನು. ಮನೆಯಲ್ಲಿದ್ದ ದಾಸಿಯನ್ನು ಒಂದು ಮಗುವಿಗೆ ಬಿಡುವದು ರೋಗಿಯ ಇಚ್ಛೆಯಾಗಿತ್ತು. ವೂಲ್ಮನನು ಆ ಭಾಗವೊಂದನ್ನು ಬಿಟ್ಟು ಮಿಕ್ಕದ್ದೆಲ್ಲವನ್ನು ಬರೆದು, ಮಂಚದ ಬಳಿಯಲ್ಲಿ ಓದಿ ಹೇಳಿದನು. ಬರೆದದ್ದಕ್ಕೆ ಕೂಲಿ ಬೇಡವೆಂದೂ, ಉಳಿದದ್ದನ್ನು ತನ್ನಿಂದ ಬರೆಯಲಾಗದೆಂದೂ ತಿಳಿಸಿದನು. ನೋವಿನಲ್ಲಿರುವವನ ಮುಂದೆ ಹಾಗೆ ಹೇಳುವದು ಯಜಮಾನನ ಮುಂದೆ ಹೇಳುವದಕ್ಕಿಂತಲೂ ಕಠಿಣ. ಇಬ್ಬರೂ ಗಂಭೀರವಾಗಿ ಮಾತಾಡಿದರು. ಕಡೆಗೆ ರೋಗಿಯು ಅವಳನ್ನು ಬಿಡುಗಡೆ ಮಾಡಲು ಒಪ್ಪಿದನು. ಆಗ ವೂಲ್ಮನನು ಶಾಸನವನ್ನು ಬರೆದು ಮುಗಿಸಿದನು.

ಮುಂದೆ ಅವನು ಬಣ್ಣ ಹಾಕದ ಬಟ್ಟೆಯನ್ನು ಉಡತೊಡಗಿದಾಗ ಸಭೆಯವರಲ್ಲಿ ಕೆಲವರು ಅದನ್ನು ವಿಚಿತ್ರವೆಂದು ಕಂಡು ದೂರವಾದರು. ಇದು ಅವನಿಗೆ ದುಃಖವನ್ನುಂಟುಮಾಡಿತು. 1772ರಲ್ಲಿ ಅವನು ಇಂಗ್ಲೆಂಡಿಗೆ ಹೋಗಿ, ಯಾರ್ಕ್ ಪಟ್ಟಣದಲ್ಲಿ ಸಿಡುಬಿನಿಂದ ತೀರಿಕೊಂಡನು. ನಾಲ್ಕು ವರುಷಗಳಾದ ಮೇಲೆ, 1776ರಲ್ಲಿ, ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆಯು ತನ್ನವರಲ್ಲಿ ಯಾರೂ ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ತೀರ್ಮಾನಿಸಿತು.